ಗುಡುಗಿದರೂ ಗಡಗಡಿಸದ ಟೆಂಪೆಸ್ಟ್

ಹಳೆಯ ಯುದ್ಧವಿಮಾನಗಳ ಅಭಿಮಾನಿಗಳಲ್ಲಿ ಸ್ಪಿಟ್‌ಫೈರ್‌ನ ಮರ್ಲಿನ್ ಎಂಜಿನ್ನಿಗೆ ಆರತಿ ಎತ್ತುವವರೇ ಹೆಚ್ಚು. ರೇಡಿಯಲ್ ಎಂಜಿನ್ ಎಂದರೆ ಅವರ ಲೆಕ್ಕದಲ್ಲಿ ಬರೀ ಗದ್ದಲ, ಬಲವುಂಟು, ನಯವಿಲ್ಲ. ಈ ತೀರ್ಪನ್ನು ತಳ್ಳಿಹಾಕಲು ಒಂದೇ ವಿಮಾನ ಸಾಕು: ಬ್ರಿಟನ್ನಿನ ಹಾಕರ್ ಟೆಂಪೆಸ್ಟ್ ಮಾರ್ಕ್ 2.

ಅದರ ಮೂತಿಯೊಳಗೆ ಕೂತಿರುವುದು ಬ್ರಿಸ್ಟಲ್ ಸೆಂಟಾರಸ್ ಎಂಬ ರೇಡಿಯಲ್ ಎಂಜಿನ್. ಕ್ರ್ಯಾಂಕ್‌ಶಾಫ್ಟಿನ ಸುತ್ತ ಒಂಬತ್ತೊಂಬತ್ತರಂತೆ ಎರಡು ವರಸೆ, ಒಟ್ಟು 18 ಸಿಲಿಂಡರ್; 53 ಲೀಟರಿಗೂ ಮೀರಿದ ಗಾತ್ರ, ಸುಮಾರು 2,500 ಅಶ್ವಶಕ್ತಿ. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವ್‌ಗಳು ಸ್ಪ್ರಿಂಗಿನ ಬಲದಿಂದ ಟಪಟಪನೆ ಮುಚ್ಚಿಕೊಳ್ಳುತ್ತವೆ. ಸೆಂಟಾರಸ್‌ನಲ್ಲಿ ಅವೇ ಇಲ್ಲ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಉಕ್ಕಿನ ತೆಳು ಕೊಳವೆಯೊಂದು ಮೇಲೆ ಕೆಳಗೆ ಜಾರುತ್ತ, ತುಸು ತುಸು ಹೊರಳುತ್ತ, ತನ್ನ ಕಿಂಡಿಗಳಿಂದಲೇ ಇಂಧನಕ್ಕೂ ಹೊಗೆಗೂ ದಾರಿ ತೆರೆದು ಮುಚ್ಚುತ್ತದೆ. ಲೋಹ ಲೋಹಕ್ಕೆ ಬಡಿಯುವ ಸದ್ದು ಅಷ್ಟರಮಟ್ಟಿಗೆ ಕಡಿಮೆ. ಮೊರೆತ ದೊಡ್ಡದೇ, ಆದರೆ ಅದರಲ್ಲಿ ಒಡಕಿಲ್ಲ.

ಆ ಕಾಲದ ಪದ್ಧತಿಯಲ್ಲಿ ಇದನ್ನು ಚಾಲೂ ಮಾಡುವುದೇ ಒಂದು ಪ್ರಸಂಗ. ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದಿರುತ್ತದೆ. ಎಣ್ಣೆಯನ್ನು ಅದುಮಲಾಗದು, ಹಾಗೇ ತಿರುಗಿಸಿದರೆ ಒಳಗಿನ ರಾಡೇ ಬಾಗೀತು. ಅದಕ್ಕೇ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ಸುತ್ತಿಸಿ ನೋಡುತ್ತಾರೆ. ಆಮೇಲೆ ಸ್ಟಾರ್ಟರಿನ ತೋಟಾ ಸಿಡಿಯುತ್ತದೆ, ಪ್ರೊಪೆಲ್ಲರ್ ಕುಪ್ಪಳಿಸುತ್ತದೆ, ಒಂದೆರಡು ಸಿಲಿಂಡರ್ ಹೊತ್ತಿಕೊಂಡು ಬಿಳಿ ಹೊಗೆ ಬಾಲದವರೆಗೂ ಕವಿಯುತ್ತದೆ. ಉಳಿದವು, ಹಿಮ್ಮೇಳದವರು ಒಬ್ಬೊಬ್ಬರಾಗಿ ಶ್ರುತಿಗೆ ಬರುವಂತೆ, ಜೊತೆಗೂಡುತ್ತವೆ.

ಸದ್ದಿಗೆ ಅಂಕ ಕೊಡುವವರು ಅದು ಎಲ್ಲಿಂದ ಹುಟ್ಟುತ್ತದೆಂದು ವಿಚಾರಿಸುವುದೇ ಇಲ್ಲ. ಅಮೆರಿಕದ ಕೋರ್ಸೇರ್ ಯುದ್ಧವಿಮಾನದ ಖ್ಯಾತ ಶಿಳ್ಳೆ ಎಂಜಿನ್ನಿನದಲ್ಲ, ರೆಕ್ಕೆಯ ಬುಡದ ಗಾಳಿಗಿಂಡಿಗಳದು. ಕೋರ್ಸೇರ್‌ನಲ್ಲಿದ್ದ ಅದೇ ಡಬಲ್ ವಾಸ್ಪ್ ಎಂಜಿನ್ ಪಿ-47 ಥಂಡರ್‌ಬೋಲ್ಟ್‌ನಲ್ಲಿದ್ದಾಗ ಹೊಗೆ ಹಿಂಭಾಗದ ಟರ್ಬೊವನ್ನು ಹಾದು ಬರಬೇಕು. ದನಿ ಎಷ್ಟೋ ತಗ್ಗುತ್ತದೆ. ಸಿನಿಮಾದವರಂತೂ ಯಾವ ವಿಮಾನಕ್ಕೆ ಯಾವ ಸದ್ದನ್ನಾದರೂ ಅಂಟಿಸಿಬಿಡುತ್ತಾರೆ.

ಹಾರಾಟದಲ್ಲೂ ಟೆಂಪೆಸ್ಟ್ ಸುಮ್ಮನೆ ಸಾಧುವಾದದ್ದಲ್ಲ. 1943ರ ಜೂನ್‌ನಲ್ಲಿ ಮೊದಲು ಹಾರಿದಾಗ ಎಂಜಿನ್ನಿನ ನಡುಕ ವಿಪರೀತವಾಗಿತ್ತು. ರಬ್ಬರ್ ಕೂರಿಸಿ, ಬಿಗಿಯುವ ಕ್ರಮವನ್ನೇ ಬದಲಿಸಿದ ಮೇಲೆ ಹತೋಟಿಗೆ ಬಂತು. ದಪ್ಪ ಎಂಜಿನ್ನನ್ನು ಗಾಳಿಗೆ ಅಡ್ಡವಾಗದಂತೆ ಹೊದಿಸುವ ಪಾಠವನ್ನು ಬ್ರಿಟಿಷರು ಕಲಿತದ್ದು 1942ರಲ್ಲಿ ವೇಲ್ಸ್‌ನಲ್ಲಿ ಕೈಗೆ ಸಿಕ್ಕ ಜರ್ಮನ್ ಫೋಕ್-ವುಲ್ಫ್ 190ರಿಂದ. ನೆಲ ಬಿಡುವಾಗ ಟೆಂಪೆಸ್ಟ್ ಬಲಕ್ಕೆ ಎಳೆಯುತ್ತದೆ, ಪೈಲಟ್ ಎಡಗಾಲು ಒತ್ತಿಹಿಡಿಯಲೇಬೇಕು. ತುಂಬ ಎತ್ತರಕ್ಕೆ ಹೋದರೆ ಬಲ ಕುಗ್ಗುತ್ತದೆ. ಅಲ್ಲಿ ಮರ್ಲಿನ್ ಪಕ್ಷದವರ ವಾದವೇ ಸರಿ. ಆದರೆ ಕೆಳಮಟ್ಟದಲ್ಲಿ, ಆ ತೆಳು ರೆಕ್ಕೆಯ ಮೇಲೆ, ಪಿಸ್ಟನ್ ಯುಗದ ಕೆಲವೇ ವಿಮಾನಗಳು ಇದರ ಸರಿಸಾಟಿ.

ಮಹಾಯುದ್ಧಕ್ಕೆ ಇದು ತಡವಾಗಿ ಬಂತು. ಆಮೇಲೆ ಅದು ಕಾದಾಡಿದ ಕಣಗಳಲ್ಲೊಂದು ನಮ್ಮದೇ, 1947–48ರ ಕಾಶ್ಮೀರ. ನಮ್ಮ ವಾಯುಪಡೆಯಲ್ಲಿದ್ದ ಒಂದು ಟೆಂಪೆಸ್ಟ್ ದೆಹಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿ ನಿಂತೇ ಇದೆ. ಎಚ್‌ಎ586 ಎಂಬ ಸಂಖ್ಯೆ ಹೊತ್ತಿದ್ದ ಇನ್ನೊಂದನ್ನು ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿ, 2023ರ ಅಕ್ಟೋಬರ್‌ನಲ್ಲಿ ಸೈವೆಲ್ ನಿಲ್ದಾಣದಿಂದ ಮತ್ತೆ ಹಾರಿಸಿದರು. ಅದರ ವಿಡಿಯೊ ಹುಡುಕುವುದಾದರೆ ಹಿನ್ನೆಲೆ ಸಂಗೀತ ತುಂಬಿದವನ್ನು ಬಿಡಿ. ತಲೆಯ ಮೇಲೆ ಹಾದುಹೋಗುವ ತುಣುಕಿಗಿಂತ ನೆಲದ ಮೇಲೆ ನಿಧಾನಗತಿಯಲ್ಲಿ ಓಡುವ ಎಂಜಿನ್ನನ್ನು ಮೊದಲು ಕೇಳಿ, ಆಮೇಲೆ ಮರ್ಲಿನ್ ಪರ ವಾದಕ್ಕೆ ಬನ್ನಿ.