ಸೀಸೆಯ ಕಂಠವೂ ಮುಚ್ಚಳದ ಯಂತ್ರವೂ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಕುಮಟೆಗಳ ಸೀಮೆಯಲ್ಲಿ, ಮಳೆಗಾಲಕ್ಕೆ ಮುನ್ನ ಮುರುಗಲು ಹಣ್ಣಾಗುವ ಕೆಲವೇ ವಾರಗಳೊಳಗೆ ಸಿಪ್ಪೆಗೆ ಸಕ್ಕರೆಯಿಕ್ಕಿ ರಸವಿಳಿಸಿ, ಸೋಸಿ, ಬಿಸಿಮಾಡಿ, ವರ್ಷವೆಲ್ಲ ಮಾರಬೇಕಾದ ಪಾನಕವನ್ನು ಸೀಸೆಗೆ ತುಂಬಿ ಮುಗಿಸಬೇಕಾದ ಗೃಹೋದ್ಯಮದವರು, ಮುಚ್ಚಳ ಹಾಕುವ ಸಣ್ಣ ಯಂತ್ರವೊಂದನ್ನು ಕೊಳ್ಳಹೊರಟಾಗ ಮೊತ್ತಮೊದಲು ಕೇಳುವುದು ಅದು ಗಂಟೆಗೆ ಎಷ್ಟು ಸೀಸೆಗಳನ್ನು ಮುಚ್ಚಬಲ್ಲುದೆಂಬುದನ್ನು. ನನ್ನ ಮತದಲ್ಲಿ ಇದು ಕಟ್ಟಕಡೆಗೆ ಕೇಳತಕ್ಕ ಪ್ರಶ್ನೆ. ಲಾಳಿಕೆಯಿಟ್ಟು ಕೈಯಿಂದ ತುಂಬುವ ಇಬ್ಬರು ನಿಮಿಷಕ್ಕೆ ನಾಲ್ಕೈದು ಸೀಸೆಗಳಿಗಿಂತ ಹೆಚ್ಚು ತುಂಬಲಾರರು. ಆ ಮನೆಯಲ್ಲಿ ನಿಮಿಷಕ್ಕೆ ಇಪ್ಪತ್ತನ್ನು ಮುಚ್ಚುವ ಯಂತ್ರವು ಬಹುಪಾಲು ಹೊತ್ತು ಕೆಲಸವಿಲ್ಲದೆ ನಿಂತಿರುವುದು. ಮೊದಲು ವಿಚಾರಿಸಬೇಕಾದುದು ಸೀಸೆಯ ಕಂಠದ ರಚನೆ, ಒಳಗಿನ ದ್ರವದ ಸ್ವಭಾವ, ಮತ್ತು ಕೊಂಡವನು ಅದನ್ನು ಬಳಸುವ ಬಗೆ.

ಈ ಯಂತ್ರಗಳಲ್ಲೆಲ್ಲ ಸರಳವಾದುದು ಸೋಡಾ ಮುಚ್ಚಳವನ್ನು ಒತ್ತುವ ಕೈಸನ್ನೆಕೋಲಿನದು. 1892ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವಿಲಿಯಂ ಪೇಂಟರ್ ಎಂಬವನು ಪೇಟೆಂಟ್ ಪಡೆದ ಆ ಕಿರೀಟಾಕಾರದ ಮುಚ್ಚಳಕ್ಕೆ ಮೊದಲು ಇಪ್ಪತ್ತನಾಲ್ಕು ಹಲ್ಲುಗಳಿದ್ದುವು. ಈಗ ಬಳಕೆಯಲ್ಲಿರುವುದಕ್ಕೆ ಇಪ್ಪತ್ತೊಂದು. ಒತ್ತುವ ಮುನ್ನ ಸುಮಾರು 32 ಮಿಲಿಮೀಟರ್ ಅಗಲವಿರುವ ಅದರ ಅಂಚು, ಯಂತ್ರದ ಗಂಟಲಿನೊಳಗೆ ಸಿಕ್ಕಿ 29 ಮಿಲಿಮೀಟರಿಗಿಂತ ತುಸು ಕಿರಿದಾಗಿ ಕುಗ್ಗಿದಾಗ ಮಾತ್ರ ಸೀಸೆ ಭದ್ರವಾಯಿತೆಂದು ತಿಳಿಯಬೇಕು; ಗಂಟಲು ಸವೆದರೆ ಮುಚ್ಚಳ ಕೂತಂತೆ ಕಂಡರೂ ಹಿಡಿತ ಸಡಿಲ. ಇದಕ್ಕೆ ವಿದ್ಯುತ್ತು ಬೇಡ. ಗಾಳಿಮಳೆಗೆ ಪದೇಪದೇ ಕತ್ತಲಾಗುವ ಮಲೆನಾಡಿನಲ್ಲಿ ಇದು ಅಲ್ಪ ಗುಣವಲ್ಲ. ಸನ್ನೆ ಬಾಗಿದರೆ ಊರಿನ ಕಮ್ಮಾರನೇ ತಿದ್ದಿಯಾನು. ಆದರೂ ಮುರುಗಲು ಪಾನಕಕ್ಕೆ ನಾನು ಇದನ್ನು ಒಪ್ಪಲಾರೆ. ಒಮ್ಮೆ ತೆರೆದು ಒಮ್ಮೆಗೇ ಕುಡಿದು ಮುಗಿಸುವ ಪೇಯಕ್ಕೆ ಹುಟ್ಟಿದ ಮುಚ್ಚಳವಿದು. ದಿನಕ್ಕೆರಡು ಚಮಚೆಯಂತೆ ತಿಂಗಳುಗಟ್ಟಲೆ ಬಳಸುವ ಪಾನಕದ ಸೀಸೆಗೆ, ತೆಗೆದೊಡನೆ ಡೊಂಕಾಗಿ ಮತ್ತೆ ಕೂಡದ ಮುಚ್ಚಳದಿಂದೇನು ಪ್ರಯೋಜನ? ಸಾಲದುದಕ್ಕೆ, ಆಷಾಢದ ತೇವದಲ್ಲಿ ಹುಳಿರಸ ಸೋಕಿದ ಕಬ್ಬಿಣದ ಹಲ್ಲುಗಳ ಸುತ್ತ ಕಂದುಬಣ್ಣದ ತುಕ್ಕಿನ ಬಳೆಯೊಂದು ಗಾಜಿಗಂಟಿಕೊಂಡು ಕೊಳ್ಳುವವನಿಗೆ ಹೇಸಿಕೆ ತರುವುದು.

ಗೋಲಿ ಸೋಡಾದ ಸೀಸೆಯನ್ನು ಇಲ್ಲಿ ನೆನೆಯದಿರಲಾರೆ. 1872ರಲ್ಲಿ ಹೈರಮ್ ಕಾಡ್ ಎಂಬ ಆಂಗ್ಲನು ಕಲ್ಪಿಸಿದ ಆ ಸೀಸೆಗೆ ಮುಚ್ಚುವ ಯಂತ್ರವೇ ಬೇಡ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಕಂಠದ ರಬ್ಬರಿಗೆ ಒತ್ತಿ ಹಿಡಿಯುವುದು. ದ್ರವದ ಸ್ವಭಾವವನ್ನೇ ಮುಚ್ಚಳಕ್ಕೆ ಸಹಾಯವಾಗಿ ಮಾಡಿಕೊಂಡ ಆ ಬುದ್ಧಿಗೆ ನನ್ನ ಗೌರವ ಸಲ್ಲುತ್ತದೆ. ಅನಿಲವಿಲ್ಲದ ಪಾನಕಕ್ಕೆ ಅದು ಒದಗದು.

ಇನ್ನು ಅಲ್ಯೂಮಿನಿಯಂ ಮುಚ್ಚಳವನ್ನು ಸೀಸೆಯ ಮೇಲೆಯೇ ರೂಪಿಸುವ, ಪೇಟೆಯಲ್ಲಿ ಆರ್‌ಒಪಿಪಿ ಎಂದು ಕರೆಯುವ ಯಂತ್ರ. ಇದಕ್ಕೆ ಬರುವ ಮುಚ್ಚಳದಲ್ಲಿ ತಿರುಪಿನ ಸುತ್ತೇ ಇರದು. ನುಣುಪಾದ ಬರಿಯ ತಗಡಿನ ಟೋಪಿ. ಯಂತ್ರದ ತಲೆ ಕೆಳಗಿಳಿದು ಮುಚ್ಚಳವನ್ನು ಮೇಲಿನಿಂದ ಅದುಮಿ ಹಿಡಿದಾಗ, ಸುತ್ತಲೂ ತಿರುಗುವ ನಾಲ್ಕು ಉರುಳೆಗಳಲ್ಲಿ ಎರಡು, ಕುಂಬಾರನ ಬೆರಳು ಮಣ್ಣಿನ ಕಂಠವನ್ನು ತಿದ್ದುವಂತೆ, ಗಾಜಿನ ಸುತ್ತುಗಳನ್ನನುಸರಿಸಿ ತಗಡಿನಲ್ಲಿ ಸುತ್ತುಗಳನ್ನು ಮೂಡಿಸುವುವು; ಉಳಿದೆರಡು ಕೆಳಗಿನ ಪಟ್ಟಿಯನ್ನು ಕಂಠದ ಉಬ್ಬಿನಡಿಗೆ ಮಡಿಚುವುವು. ತೆರೆದಾಗ ಆ ಪಟ್ಟಿ ಹರಿದು ಬೇರೆಯಾಗುವುದರಿಂದ, ನಡುವೆ ಯಾರೂ ಸೀಸೆಯನ್ನು ಮುಟ್ಟಿಲ್ಲವೆಂಬ ಭರವಸೆ ಕೊಂಡವನಿಗೆ ದೊರೆಯುವುದು. ಮುಚ್ಚಳವನ್ನು ಮತ್ತೆ ತಿರುಪಿಡಲೂ ಬರುವುದು. ಗಾಜಿನ ಸೀಸೆಯ ಮುರುಗಲಿಗೆ ಇದೇ ತಕ್ಕುದೆಂದು ನನ್ನ ನಿಶ್ಚಯ.

ಆದರೆ ಇದರ ಗುಣವೆಲ್ಲ ಹದದಲ್ಲಿದೆ. ತಲೆಯ ಸ್ಪ್ರಿಂಗು ಸಡಿಲವಾದರೆ ಮುಚ್ಚಳದೊಳಗಿನ ಮೆತ್ತನೆಯ ಬಿಲ್ಲೆ ಒತ್ತಿಕೊಳ್ಳದೆ ರಸ ಜಿನುಗುವುದು. ಬಿಗಿಯಾದರೆ ಪಟ್ಟಿಯ ಸಣ್ಣ ಕೊಂಡಿಗಳು ಅಲ್ಲಿಯೇ ಹರಿಯುವುವು, ಇಲ್ಲವೆ ಗಾಜು ಸೀಳುವುದು. ತೊಳೆದು ಮರುಬಳಸುವ ಬೇರೆಬೇರೆ ಸೀಸೆಗಳ ಎತ್ತರ ಒಂದೇ ಸಮನಿರದುದರಿಂದ, ಒಂದಕ್ಕೆ ಹದವಾದುದು ಮತ್ತೊಂದಕ್ಕೆ ಅತಿಯಾಗುವುದು. 22, 25, 28 ಮಿಲಿಮೀಟರುಗಳ ಮುಚ್ಚಳಗಳಿಗೆ ತಲೆಯನ್ನೋ ಅದರ ಭಾಗಗಳನ್ನೋ ಬದಲಿಸಬೇಕಾಗುವುದರಿಂದ, ಸಣ್ಣ ಉದ್ಯಮವು ಒಂದೇ ಅಳತೆಯ ಕಂಠವನ್ನು ಆರಿಸಿಕೊಂಡು ಅದಕ್ಕೇ ನಿಷ್ಠವಾಗಿರುವುದು ಕ್ಷೇಮ.

ಪ್ಲಾಸ್ಟಿಕ್ ಮುಚ್ಚಳವನ್ನು ಬಿಗಿಯುವ ಕೈಯಂತ್ರದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಅದು ಹಗುರ, ಅಗ್ಗ. ಆದರೆ ಬಿಸಿಯಾಗಿ ತುಂಬಿದ ಸೀಸೆ ಆರುವಾಗ ಬಿಗಿತ ಕಡಮೆಯಾಗುವ ಸಂಭವವಿರುವುದರಿಂದ ತಣಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಸಾಮಾನ್ಯ ಪ್ಲಾಸ್ಟಿಕ್ ಬಾಟಲಿಯಂತೂ ಬಿಸಿರಸಕ್ಕೆ ಸೊಟ್ಟಗಾಗುವುದು.

ಕೊಳ್ಳುವವರು ಅಂಗಡಿಗೆ ಬರಿಗೈಯಲ್ಲಿ ಹೋಗಕೂಡದು. ತಮ್ಮ ಸೀಸೆ, ತಮ್ಮ ಮುಚ್ಚಳ, ತಮ್ಮ ಪಾನಕಗಳನ್ನೇ ಒಯ್ದು, ಹತ್ತಿಪ್ಪತ್ತು ಸೀಸೆಗಳನ್ನು ತಮ್ಮೆದುರಿಗೆ ಮುಚ್ಚಿಸಿ, ಮನೆಗೆ ತಂದು ಹಳೆಯ ಪತ್ರಿಕೆಯ ಮೇಲೆ ಅಡ್ಡಲಾಗಿ ಒಂದು ರಾತ್ರಿ ಮಲಗಿಸತಕ್ಕದ್ದು. ಮುರುಗಲಿನ ಕೆಂಪು ಸುಲಭವಾಗಿ ಅಳಿಯುವಂಥದಲ್ಲ. ಒಂದು ಹನಿ ಜಿನುಗಿದರೂ ಬೆಳಗ್ಗೆ ಕಂಠದ ಬಳಿ ಕಾಗದ ಅದನ್ನು ತೋರಿಸಿಯೇ ತೋರಿಸುವುದು. ಹಾಗೆ ತೋರಿದರೆ ಸ್ಪ್ರಿಂಗನ್ನು ತಿದ್ದಿ ಮತ್ತೆ ಮುಚ್ಚಿಸಬೇಕು. ಎರಡನೆಯ ಸಲವೂ ತೋರಿದರೆ ಬೇರೆ ಯಂತ್ರವನ್ನು ನೋಡಬೇಕು. ಒಪ್ಪಿಗೆಯಾದ ಮೇಲೆ ಒಂದು ಜೊತೆ ಹೆಚ್ಚಿನ ಉರುಳೆಗಳನ್ನೂ ಒಂದು ಸ್ಪ್ರಿಂಗನ್ನೂ ಯಂತ್ರದೊಡನೆಯೇ ಪಡೆದುಕೊಳ್ಳುವುದು ಅವಶ್ಯ. ಏಕೆಂದರೆ ಅವು ಕೆಡುವುದು ಯಂತ್ರ ದುಡಿಯುವ ಹಂಗಾಮಿನ ನಡುವೆ, ಅಂಗಡಿಯಿಂದ ಹೊಸದು ಬರುವಷ್ಟರಲ್ಲಿ ಬುಟ್ಟಿಯ ಹಣ್ಣು ಕೊಳೆತಿರುವುದು.