ಸೇವಾದಾಖಲೆಯಲ್ಲಿ ಒಂದು ಹೆಸರು: ಹೊಸೂರು ಸೀಮೆಯಿಂದ ಓದು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳ ಸೇರಿದ್ದ ಅಜ್ಜನ ದಾಖಲೆ ಎಲ್ಲಿ ಸಿಕ್ಕೀತು ಎಂದು ಡೆಂಕಣಿಕೋಟೆ ಕಡೆಯ ಕನ್ನಡ ಮನೆಯವರು ಕೇಳಿದರೆ, ಉತ್ತರವನ್ನು ಹಡಗಿನಿಂದಲ್ಲ, ಜಿಲ್ಲೆಯ ಹೆಸರಿನಿಂದ ಆರಂಭಿಸಬೇಕಾಗುತ್ತದೆ. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಅದು ಒಡೆದು ಬಂದ ಧರ್ಮಪುರಿ ಜಿಲ್ಲೆಯಾದದ್ದು 1965ರಲ್ಲಿ. ಅಜ್ಜ ಹೆಬ್ಬೆಟ್ಟು ಒತ್ತಿದ ಅಥವಾ ಸಹಿ ಮಾಡಿದ ಕಾಗದದಲ್ಲಿ ಇರಬೇಕಾದದ್ದು ಸೇಲಂ ಜಿಲ್ಲೆ, ಮದ್ರಾಸ್ ಪ್ರಾಂತ. ಊರಿನ ಹೆಸರೂ ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ಡೆಂಕಣಿಕೋಟೆ ತಮಿಳಿನಲ್ಲಿ ತೇನ್‌ಕನಿಕ್ಕೋಟ್ಟೈ ಆಗಿ, ಜೇನು ಮತ್ತು ಹಣ್ಣಿನ ಅರ್ಥವನ್ನು ಹೊತ್ತುಕೊಂಡಿದೆ. ಇಂಗ್ಲಿಷಿನಲ್ಲಿ ಬರೆದ ಗುಮಾಸ್ತ ಈ ಎರಡರ ನಡುವೆ ಎಲ್ಲೋ ನಿಂತಿರುತ್ತಾನೆ.

ಸೇವಾದಾಖಲೆಯನ್ನು ನಾವು ಮಾಹಿತಿಯ ಆಕರವಾಗಿ ಮಾತ್ರ ಬಳಸುತ್ತ ಬಂದಿದ್ದೇವೆ. ಅದೂ ಒಂದು ಬರಹಪ್ರಕಾರ, ಅದಕ್ಕೂ ಒಬ್ಬ ಕರ್ತೃವಿದ್ದಾನೆ, ಅವನಿಗೊಂದು ಭಾಷೆಯಿದೆ ಎಂದು ಓದದ ಹೊರತು ಈ ಗಡಿಸೀಮೆಯವರಿಗೆ ಅದರಲ್ಲಿ ತಮ್ಮ ಹಿರಿಯರು ಸಿಗುವುದು ಕಷ್ಟ. ಬ್ರಿಟಿಷ್ ನೌಕಾದಳದ ಉದಾಹರಣೆಯನ್ನೇ ನೋಡಬಹುದು. ಸಾಮಾನ್ಯ ನಾವಿಕನನ್ನು ಒಂದು ಹಡಗಿಗಲ್ಲದೆ ಇಡೀ ದಳಕ್ಕೆ ಸೇರಿಸಿಕೊಳ್ಳುವ ನಿರಂತರ ಸೇವೆಯ ಪದ್ಧತಿ ಅಲ್ಲಿ ಬಂದದ್ದು 1853ರಲ್ಲಿ. ಅದಕ್ಕೂ ಹಿಂದಿನವನನ್ನು ಹುಡುಕಬೇಕಾದರೆ ಅವನಿದ್ದ ಹಡಗು ಯಾವುದೆಂದು ಮೊದಲೇ ಗೊತ್ತಿರಬೇಕು, ಏಕೆಂದರೆ ಅವನ ಹೆಸರು ಆ ಹಡಗಿನ ಹಾಜರಿಪಟ್ಟಿಯಲ್ಲಿದೆ. ನಂತರದವನಿಗೆ ಒಂದು ಸಂಖ್ಯೆ, ಒಂದು ನಮೂದು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಆ ಪುಟಗಳಲ್ಲಿ ಹುಟ್ಟಿದ ದಿನ, ಊರು, ಎತ್ತರ, ಕೂದಲು, ಕಣ್ಣು, ಗಾಯದ ಕಲೆ, ಹಚ್ಚೆ, ದುಡಿದ ಹಡಗುಗಳ ಸಾಲು, ನಡತೆಯ ಟಿಪ್ಪಣಿ ಇವೆ. ಕ್ರಿಯಾಪದವಿಲ್ಲದ ಜೀವನಚರಿತ್ರೆ ಅದು.

ಅದೇ ಸಾಮ್ರಾಜ್ಯದ ವ್ಯಾಪಾರಿ ಹಡಗುಗಳಲ್ಲಿ ದುಡಿದ ಭಾರತೀಯ ಲಸ್ಕರರಿಗೆ ಅಂಥ ಪುಟವೂ ಒದಗಲಿಲ್ಲ. ಸಾರಂಗನ ಮೂಲಕ ಗುಂಪಾಗಿ ನೇಮಕವಾದವರು ಕರಾರುಪತ್ರಗಳಲ್ಲಿಯೂ ಗುಂಪಾಗಿಯೇ ಉಳಿದರು. ಇಲ್ಲಿನ ದಳಕ್ಕೆ ರಾಯಲ್ ಇಂಡಿಯನ್ ನೇವಿ ಎಂಬ ಹೆಸರು ಬಂದದ್ದು 1934ರಲ್ಲಿ. ಯುದ್ಧಪೂರ್ವದಲ್ಲಿ ಅದರ ನಾವಿಕರಲ್ಲಿ ಕೊಂಕಣದ ರತ್ನಾಗಿರಿ ಕಡೆಯ ಮುಸಲ್ಮಾನರು ಹಲವರಿದ್ದರು. 1939ರ ನಂತರದ ವಿಸ್ತರಣೆಯಲ್ಲಿ ಮದ್ರಾಸ್ ಪ್ರಾಂತದವರಿಗೂ ಎಡೆಯಾಯಿತು. ಹೊಸೂರಿನ ರಾಗಿ ಹೊಲದಿಂದ ಕಡಲಿಗೆ ಹೋದವನನ್ನು ಹುಡುಕಬೇಕಾದದ್ದು ಹೆಚ್ಚಾಗಿ ಈ ಕೆಲವೇ ವರ್ಷಗಳಲ್ಲಿ.

ಇನ್ನು ಅವನ ಹೆಸರು. ಮನೆಯಲ್ಲಿ ಮುನಿಯಪ್ಪ, ತಮಿಳು ಬಲ್ಲ ಬರಹಗಾರನ ಕೈಯಲ್ಲಿ ಮುನಿಯಪ್ಪನ್, ಇಂಗ್ಲಿಷ್ ನಮೂನೆಯಲ್ಲಿ ತಂದೆಯ ಹೆಸರು ಮುಂದಿನ ಒಂದಕ್ಷರವಾಗಿ ಕುಗ್ಗುತ್ತದೆ. ಕೊನೆಗೊಂದು ‘ನ್’ ಸೇರಿದ್ದಕ್ಕೆ ವ್ಯಕ್ತಿ ಬದಲಾಗುವುದಿಲ್ಲ ಎನ್ನಬಹುದು. ಆದರೆ ಅಕಾರಾದಿಯಲ್ಲಿ ಹುಡುಕುವವನಿಗೆ ಬದಲಾಗುತ್ತಾನೆ, ಮತ್ತು ಓದುವವನಿಗೆ ಅವನ ತಾಯ್ನುಡಿಯೂ ಬದಲಾಗುತ್ತದೆ. ಭೂಸೇನೆಗೆ ಸೇರಿದ್ದರಂತೂ ಅವನ ವರ್ಗ ‘ಮದ್ರಾಸಿ’. ಕೆಲವು ಮೈಲಿ ಉತ್ತರಕ್ಕೆ, ಮೈಸೂರು ಸಂಸ್ಥಾನದೊಳಗೆ ಹುಟ್ಟಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್‌ನಂಥ ಪಡೆಯಲ್ಲಿದ್ದಿದ್ದರೆ, ಪಡೆಯ ಹೆಸರೇ ಅವನ ನಾಡನ್ನು ಹೇಳುತ್ತಿತ್ತು. ಗಡಿಸೀಮೆಯ ಕನ್ನಡಿಗನ ಭಾಷೆ ಕಳೆದುಹೋದದ್ದು ಯಾರ ದ್ವೇಷದಿಂದಲೂ ಅಲ್ಲ, ನಮೂನೆಯಲ್ಲಿ ಅದಕ್ಕೆ ಕಲಮು ಇಲ್ಲದ್ದರಿಂದ ಎಂಬುದೇ ಹೆಚ್ಚು ಕಹಿಯಾದ ಸಂಗತಿ.

ಈ ಸೀಮೆಯ ವೀರಗಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡುವುದು ಇಲ್ಲಿ ಉಪಯುಕ್ತ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ಸುತ್ತಲ ಹೊಲಗಳಲ್ಲೂ ಅವು ಇವೆ. ಶಾಸನವುಳ್ಳ ಕಲ್ಲಿನ ರಚನೆ ಬಹುಮಟ್ಟಿಗೆ ನಿಶ್ಚಿತ: ಆಳುವ ಅರಸ, ವರ್ಷ, ಯಾರ ಆಳು ಅಥವಾ ಮಗ, ಯಾವ ತುರುಗಾಳಗದಲ್ಲಿ ಸತ್ತ. ಇದೂ ನಮೂನೆಯೇ, ಆದರೆ ಇದರ ತಿರುಳು ಕ್ರಿಯಾಪದ. ಹಾಗೆಂದು ಕಲ್ಲನ್ನು ಹೊಗಳಿ ಕಡತವನ್ನು ತೆಗಳುವ ಸುಲಭದ ದಾರಿಯನ್ನು ನಾನು ಒಪ್ಪಲಾರೆ. ಎಷ್ಟೋ ಕಲ್ಲುಗಳಲ್ಲಿ ಶಿಲ್ಪವಿದೆ, ಅಕ್ಷರವಿಲ್ಲ. ಮುಂಬಯಿಯ ಬೋರಿವಲಿ ಬಳಿಯ ಎಕ್ಸರ್ ವೀರಗಲ್ಲುಗಳಲ್ಲಿ ಹುಟ್ಟುಹಾಕುವ ಹಡಗುಗಳ ಸಾಲುಗಳೇ ಇವೆ. ಅವನ್ನು ಯಾದವ ಮಹಾದೇವನಿಗೂ ಶಿಲಾಹಾರ ಸೋಮೇಶ್ವರನಿಗೂ ನಡೆದ ಕಾಳಗದೊಂದಿಗೆ ಜೋಡಿಸಿದ ವಿದ್ವಾಂಸರಿದ್ದಾರೆ. ಅರಸರ ಹೆಸರು ನಮಗೆ ಗೊತ್ತು, ಹುಟ್ಟು ಹಿಡಿದವರದಲ್ಲ.

ಆಧುನಿಕ ಸ್ಮಾರಕ ಇದಕ್ಕಿಂತ ಮುಂದೆ ಹೋಗಲಿಲ್ಲ. ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗೆ ಹೆಸರು, ಭಾರತೀಯ ಅಧಿಕಾರಿಗೆ ಹೆಸರು, ಭಾರತೀಯ ಸಾಮಾನ್ಯ ಸಿಪಾಯಿಗೆ ಪಡೆವಾರು ಸಂಖ್ಯೆ. ನೆರೆಯ ವೆಲ್ಲೂರಿನ ಗಡಿಯಾರ ಗೋಪುರದ ಫಲಕ ಅಲ್ಲಿಂದ ಮೊದಲ ಮಹಾಯುದ್ಧಕ್ಕೆ 277 ಮಂದಿ ಹೋದರೆಂದೂ 14 ಮಂದಿ ಮಡಿದರೆಂದೂ ಹೇಳಿ ಸುಮ್ಮನಾಗುತ್ತದೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ 2021ರ ವರದಿಯೇ ಕನಿಷ್ಠ 1,16,000, ಪ್ರಾಯಶಃ 3,50,000ದವರೆಗೆ ಮೃತರು, ಮುಖ್ಯವಾಗಿ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು, ಹೆಸರಿನಿಂದ ಸ್ಮರಿಸಲ್ಪಡಲಿಲ್ಲ ಅಥವಾ ಸ್ಮರಿಸಲ್ಪಡಲೇ ಇಲ್ಲ ಎಂದು ಒಪ್ಪಿಕೊಂಡಿತು.

ಈ ಹಿನ್ನೆಲೆಯಲ್ಲಿ ಸೇವಾದಾಖಲೆಯ ಒಣ ಕಲಮುಗಳಿಗೆ ಬೇರೆಯದೇ ಬೆಲೆಯಿದೆ. ಹೆಸರು ಮೂರು ಭಾಷೆಗಳ ನಡುವೆ ಸವೆದಾಗ ದೇಹದ ಗುರುತಿನ ಕಲಮು ನೆರವಿಗೆ ಬರುತ್ತದೆ. ಅದು ಲಿಪ್ಯಂತರಕ್ಕೆ ಸಿಗುವಂಥದ್ದಲ್ಲ. ಅಜ್ಜನನ್ನು ಹುಡುಕುವವರು ಪತ್ರಾಗಾರಕ್ಕೆ ಬರೆಯುವ ಮೊದಲು ಮನೆಯ ಹಳೆಯ ತಲೆಗಳನ್ನು ಕೇಳಿಕೊಳ್ಳಬೇಕಾದದ್ದು ಅವರ ಹೆಸರನ್ನಲ್ಲ. ಮಚ್ಚೆ ಯಾವ ಕೆನ್ನೆಯಲ್ಲಿತ್ತು, ಎತ್ತು ಹಾಯ್ದ ಕಲೆ ಯಾವ ಮೊಣಕಾಲಿನಲ್ಲಿತ್ತು ಎಂಬುದನ್ನು.