ತರಬೇತಿಯ ಕಡಿತ, ವಿಶ್ವವಿದ್ಯಾನಿಲಯದ ಹೊರೆ: ಕೆಂಗಲ್ ಹನುಮಂತಯ್ಯನವರ ಆಡಳಿತ ಚಿಂತನೆಯ ಬೆಳಕಿನಲ್ಲಿ

ಕೆಂಗಲ್ ಹನುಮಂತಯ್ಯನವರ ಹೆಸರಿನೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೊದಲು ಮೂಡುವುದು ವಿಧಾನಸೌಧ. ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಜನಿಸಿ, 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಅವರ ಸಾಧನೆಯನ್ನು ನಮ್ಮ ಬರಹಗಳು ಬಹುಮಟ್ಟಿಗೆ ಆ ಕಟ್ಟಡಕ್ಕೂ ಏಕೀಕರಣದ ಹೋರಾಟಕ್ಕೂ ಸೀಮಿತಗೊಳಿಸಿವೆ. ಅವರ ಬದುಕಿನ ಇನ್ನೊಂದು ಘಟ್ಟ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1966ರ ಜನವರಿಯಲ್ಲಿ ರಚನೆಯಾದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿ ದೇಸಾಯಿಯವರು ಅಧ್ಯಕ್ಷರಾಗಿದ್ದರು. 1967ರಲ್ಲಿ ಅವರು ಉಪಪ್ರಧಾನಿಯಾದಾಗ ಆ ಹೊಣೆ ಹನುಮಂತಯ್ಯನವರ ಹೆಗಲಿಗೇರಿತು. ಆಯೋಗ ಸಲ್ಲಿಸಿದ ವರದಿಗಳು 20. ಅವುಗಳಲ್ಲಿನ ಶಿಫಾರಸುಗಳು ಐನೂರಕ್ಕೂ ಹೆಚ್ಚು. ಕಲ್ಲಿನ ಸೌಧವನ್ನು ಕಟ್ಟಿಸಿದವರು ಅದರೊಳಗೆ ಕುಳಿತು ಕೆಲಸ ಮಾಡುವವರನ್ನು ಹೇಗೆ ಸಿದ್ಧಗೊಳಿಸಬೇಕೆಂದು ಯೋಚಿಸಿದ್ದು ಈ ವರದಿಗಳಲ್ಲಿ.

ಇವುಗಳಲ್ಲಿ 1969ರ ಸಿಬ್ಬಂದಿ ಆಡಳಿತದ ವರದಿ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ನಾಗರಿಕ ಸೇವೆಯ ತರಬೇತಿಗೆ ಸ್ಪಷ್ಟವಾದ, ದೂರದೃಷ್ಟಿಯ ರಾಷ್ಟ್ರೀಯ ನೀತಿಯೊಂದು ಬೇಕೆಂದು ಆಯೋಗ ಒತ್ತಾಯಿಸಿತು. ಸಿಬ್ಬಂದಿಗೆಂದೇ ಪ್ರತ್ಯೇಕ ಇಲಾಖೆ 1970ರಲ್ಲಿ ಬಂದಿತು. ತರಬೇತಿ ನೀತಿ ಮಾತ್ರ 1996ರವರೆಗೆ ಕಾಯಬೇಕಾಯಿತು. 2012ರ ಪರಿಷ್ಕೃತ ನೀತಿ, ಪ್ರತಿಯೊಂದು ಸಚಿವಾಲಯವೂ ತನ್ನ ವೇತನ ಬಾಬಿನ ಶೇ. 2.5ರಷ್ಟನ್ನು ತರಬೇತಿಗೆಂದೇ ತೆಗೆದಿರಿಸಬೇಕೆಂದು ಹೇಳಿತು. ಒಂದು ವಿಚಾರ ಶಿಫಾರಸಿನಿಂದ ನೀತಿಯಾಗಲು ಇಪ್ಪತ್ತೇಳು ವರ್ಷ ಹಿಡಿಯಿತೆಂಬುದು ಆ ವಿಚಾರಕ್ಕೆ ಸರ್ಕಾರಗಳಲ್ಲಿ ಇದ್ದ ಬೆಲೆಯನ್ನು ತೋರಿಸುತ್ತದೆ.

ಆಯೋಗದ ದೃಷ್ಟಿಗೆ ಒಂದು ಮಿತಿಯೂ ಇದ್ದಿತು. ರೈಲ್ವೆ, ಅಂಚೆ, ಜೀವವಿಮೆ, ರಿಸರ್ವ್ ಬ್ಯಾಂಕ್, ವೈಜ್ಞಾನಿಕ ಇಲಾಖೆಗಳು ಇವೆಲ್ಲವುಗಳ ಮೇಲೂ ವರದಿಗಳಿವೆ. ವಿಶ್ವವಿದ್ಯಾನಿಲಯದ ಆಡಳಿತಕ್ಕೆಂದೇ ಮೀಸಲಾದ ವರದಿ ಒಂದೂ ಇಲ್ಲ. ಶಿಕ್ಷಣವನ್ನು ಕೊಠಾರಿ ಆಯೋಗ ನೋಡಿಕೊಳ್ಳುತ್ತಿದ್ದುದು ಇದಕ್ಕೆ ಕಾರಣವಿರಬಹುದು. ಅದು ತನ್ನ ವರದಿ ಸಲ್ಲಿಸಿದ್ದು ಅದೇ 1966ರಲ್ಲಿ. ಹೀಗೆ ಒಂದೇ ವರ್ಷದಲ್ಲಿ ಒಂದು ಆಯೋಗ ಅಧಿಕಾರಿಯತ್ತ ನೋಡಲಾರಂಭಿಸಿತು, ಇನ್ನೊಂದು ಅಧ್ಯಾಪಕನನ್ನು ನೋಡಿ ಮುಗಿಸಿತು. ಅಧ್ಯಾಪಕನಾಗಿದ್ದು ಮುಂದೆ ಆಡಳಿತದ ಹೊಣೆ ಹೊರಬೇಕಾದ ವ್ಯಕ್ತಿ, ಅಂದರೆ ವಿಭಾಗದ ಮುಖ್ಯಸ್ಥ, ನಿಕಾಯದ ಡೀನ್, ಕುಲಸಚಿವ, ಕುಲಪತಿ, ಈ ಎರಡರ ನಡುವಿನ ಸಂದಿಯಲ್ಲಿ ಉಳಿದುಹೋದ. ತರಬೇತಿಯ ಅನುದಾನಕ್ಕೆ ಕತ್ತರಿ ಬಿದ್ದಾಗಲೆಲ್ಲ ಮೊದಲು ಬಾಧೆಗೊಳಗಾಗುವುದು ಈ ಸಂದಿಯೇ.

ಅದನ್ನು ತುಂಬುವ ಮೊದಲ ಗಂಭೀರ ಪ್ರಯತ್ನ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಸ್ಥಾಪಿಸಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳದು. ಕರ್ನಾಟಕದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಇವು ನೆಲೆಗೊಂಡವು. ನಾಲ್ಕು ವಾರಗಳ ಓರಿಯೆಂಟೇಷನ್, ಮೂರು ವಾರಗಳ ಪುನಶ್ಚೇತನ ಶಿಬಿರ ಎಂಬ ಕ್ರಮವನ್ನು ಬಡ್ತಿಯ ಷರತ್ತೆಂದು ಹಳಿದವರೇ ಹೆಚ್ಚು, ಆ ಹಳಿತದಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ಆದರೆ ಮಾಗಡಿಯ ಇತಿಹಾಸದ ಅಧ್ಯಾಪಕರೂ ಬೀದರಿನ ಸಸ್ಯಶಾಸ್ತ್ರದ ಅಧ್ಯಾಪಕರೂ ಒಂದೇ ಹಾಸ್ಟೆಲ್ಲಿನಲ್ಲಿ ತಿಂಗಳು ಕಳೆಯಲು ಅಲ್ಲಿ ಅವಕಾಶವಿತ್ತು. ಪಠ್ಯಪಟ್ಟಿ ಹೇಗೆ ಸಿದ್ಧವಾಗುತ್ತದೆ, ಅಧ್ಯಯನ ಮಂಡಳಿಯ ಅಧಿಕಾರವೇನು, ಸಿಂಡಿಕೇಟಿನ ತೀರ್ಮಾನವನ್ನು ಪ್ರಶ್ನಿಸುವುದು ಹೇಗೆ ಎಂಬುದು ಉಪನ್ಯಾಸಕ್ಕಿಂತ ಊಟದ ಮನೆಯಲ್ಲಿಯೇ ಹೆಚ್ಚು ತಿಳಿಯುತ್ತದೆ. ಈ ಕೇಂದ್ರಗಳು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾಗಿ ಹೆಸರು ಬದಲಿಸಿ, 2023ರಲ್ಲಿ ಮಾಳವೀಯ ಮಿಷನ್ನಿನ ಕೇಂದ್ರಗಳಾದವು. ಆ ಬಳಿಕ ಎದ್ದು ಕಾಣುವುದು ಎಂಟು ದಿನಗಳ ಆನ್‌ಲೈನ್ ಶಿಬಿರಗಳು. ತರಬೇತಿ ಪಡೆದವರ ಸಂಖ್ಯೆಯನ್ನು ಇದು ಹಿಗ್ಗಿಸುತ್ತದೆ. ಆದರೆ ಪರದೆಯ ಮುಂದೆ ಕುಳಿತವರಿಗೆ ಊಟದ ಮನೆ ಇಲ್ಲ. ಶೈಕ್ಷಣಿಕ ಮುಂದಾಳುಗಳಿಗೆಂದೇ 2019ರಲ್ಲಿ ಆರಂಭವಾದ 'ಲೀಪ್' ಕಾರ್ಯಕ್ರಮ ಎರಡು ವಾರ ಸ್ವದೇಶದಲ್ಲಿ, ಒಂದು ವಾರ ವಿದೇಶದಲ್ಲಿ ಎಂದು ಯೋಜಿತವಾಗಿತ್ತು. ಅದನ್ನು ನಡೆಸುವ ಹೊಣೆ ಬಿದ್ದುದು ದೇಶದ ಕೆಲವೇ ಉನ್ನತ ಶ್ರೇಣಿಯ ಸಂಸ್ಥೆಗಳ ಮೇಲೆ. ಸಾಮಾನ್ಯ ರಾಜ್ಯ ವಿಶ್ವವಿದ್ಯಾನಿಲಯದ ಡೀನರಿಗೆ ಅದು ದೂರದ ಬೆಟ್ಟ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕುವೆಂಪು ಯಾವ ಶಿಬಿರದಲ್ಲಿ ಕಲಿತು ಮಾನಸಗಂಗೋತ್ರಿಯನ್ನು ಕಟ್ಟಿದರು? ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯಿಂದ ಬಂದ ದೇ. ಜವರೇಗೌಡರಿಗೆ ಕುಲಪತಿತ್ವವನ್ನು ಕಲಿಸಿದವರು ಯಾರು? ಆಕ್ಷೇಪ ಬಲವಾದುದೇ. ಆದರೆ ಜವರೇಗೌಡರು 1969ರಲ್ಲಿ ಕುಲಪತಿಯಾಗುವ ಮುನ್ನ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯನ್ನು ನಿರ್ದೇಶಕರಾಗಿ ಮುನ್ನಡೆಸಿದ್ದರು. ಹಣ ಹೊಂದಿಸುವುದು, ಸಂಪಾದಕ ಮಂಡಳಿಗಳನ್ನು ಹಿಡಿದಿಡುವುದು, ಸರ್ಕಾರದ ಕಚೇರಿಗಳಲ್ಲಿ ಕಡತದ ಹಿಂದೆ ಓಡುವುದು ಅವರಿಗೆ ಆಗಲೇ ರೂಢಿಯಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ಅವಕಾಶವೇ ಅವರ ತರಬೇತಿ. ಖಾಯಂ ಹುದ್ದೆಗಳು ದೀರ್ಘಕಾಲ ಖಾಲಿಯಿದ್ದು, ಅತಿಥಿ ಉಪನ್ಯಾಸಕರ ಮೇಲೆಯೇ ಪಾಠ ಸಾಗುವ ವಿಭಾಗಗಳಲ್ಲಿ ಅಂಥ ಮೆಟ್ಟಿಲುಗಳೇ ಉಳಿದಿಲ್ಲ. ಹಾಗಾಗಿ ಹಿರಿಯರ ಉದಾಹರಣೆ ತರಬೇತಿ ಬೇಡವೆಂಬುದಕ್ಕೆ ಸಾಕ್ಷಿಯಾಗದು. ಅನೌಪಚಾರಿಕ ತರಬೇತಿ ಕಳೆದುಹೋದ ಕಾಲದಲ್ಲಿ ಔಪಚಾರಿಕವಾದುದನ್ನೂ ಕತ್ತರಿಸುವುದರ ಅಪಾಯವನ್ನೇ ಅದು ತೋರಿಸುತ್ತದೆ. ರಾಮನಗರದ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರಿಗೂ ಈ ಮಾತು ಸಲ್ಲುತ್ತದೆ. ಜನರ ಹಾಡು ಅವರ ಕಿವಿಗೆ ಬಿದ್ದುದು ಆಡಳಿತ ಸೇವೆ ಊರೂರು ಸುತ್ತಿಸಿದ ದಿನಗಳಲ್ಲಿಯೂ ಹೌದು.

ಕಡಿತದ ಪರಿಣಾಮ ಕಾಣುವುದು ಅನುದಾನದ ಪಟ್ಟಿಯಲ್ಲಿ ಅಲ್ಲ, ಅಧಿಕಾರದ ಹಂಚಿಕೆಯಲ್ಲಿ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮದ ಮೇರೆಗೆ ಕುಲಸಚಿವರನ್ನೂ ವಿತ್ತಾಧಿಕಾರಿಯನ್ನೂ ನೇಮಿಸುವುದು ಸರ್ಕಾರ. ಕುಲಸಚಿವರ ಸ್ಥಾನದಲ್ಲಿ ಪ್ರಾಧ್ಯಾಪಕರ ಬದಲು ಕೆ.ಎ.ಎಸ್. ಅಧಿಕಾರಿಗಳನ್ನು ಕೂರಿಸುವ ರೂಢಿ ಈಚೆಗೆ ಬಲಗೊಂಡಿದೆ. ಪ್ರಾಧ್ಯಾಪಕರಿಗೆ ನಿಯಮಾವಳಿ ತಿಳಿಯದು, ಕಡತ ನಡೆಸಲು ಬಾರದು ಎಂಬುದು ಇದರ ಪರವಾಗಿ ಕೇಳಿಬರುವ ಸಮರ್ಥನೆ. ತಿಳಿಸಿಕೊಡುವ ವ್ಯವಸ್ಥೆಯನ್ನು ಸೊರಗಿಸಿ, ಬಳಿಕ ತಿಳಿಯದೆಂದು ಹೊಣೆಯನ್ನು ಕಸಿಯುವ ಈ ಕ್ರಮದಲ್ಲಿ ವಿಶ್ವವಿದ್ಯಾನಿಲಯದ ಸ್ವಾಯತ್ತತೆ ಸದ್ದಿಲ್ಲದೆ ಕರಗುತ್ತದೆ. ಅತ್ತ ಬರುವ ಅಧಿಕಾರಿಯ ಸ್ಥಿತಿಯೂ ಸುಲಭವಲ್ಲ. ಕಂದಾಯ ಮತ್ತು ಕಾನೂನಿನಲ್ಲಿ ಪಳಗಿದವರಿಗೆ ವಿದ್ಯಾವಿಷಯಕ ಪರಿಷತ್ತಿನ ವಾಗ್ವಾದ ಕಾಲಹರಣವೆಂದೇ ತೋರಬಹುದು. ಹಾಗೆ ತೋರಿದರೆ ಅದು ಅವರ ದೋಷವಲ್ಲ, ಅವರನ್ನು ಕಳುಹಿಸಿದ ವ್ಯವಸ್ಥೆಯದು. ಸರ್ಕಾರಿ ಅಧಿಕಾರಿಯ ನಾಯಕತ್ವ ತರಬೇತಿ ಕುಗ್ಗಿದರೆ ಅದರ ಬೆಲೆಯನ್ನು ತಾಲ್ಲೂಕು ಕಚೇರಿಯಷ್ಟೇ ವಿಶ್ವವಿದ್ಯಾನಿಲಯವೂ ತೆರುವುದು ಹೀಗೆ.

ಹೊರದೇಶಗಳ ಅನುಭವವೂ ಇಲ್ಲಿ ನೆರವಿಗೆ ಬರುತ್ತದೆ. ಬ್ರಿಟನ್ನಿನಲ್ಲಿ 1968ರ ಫುಲ್ಟನ್ ವರದಿಯ ಫಲವಾಗಿ 1970ರಲ್ಲಿ ಆರಂಭವಾದ ಸಿವಿಲ್ ಸರ್ವಿಸ್ ಕಾಲೇಜು, ಮುಂದೆ ನ್ಯಾಷನಲ್ ಸ್ಕೂಲ್ ಆಫ್ ಗವರ್ನಮೆಂಟ್ ಆಗಿ, 2012ರಲ್ಲಿ ಮುಚ್ಚಿತು. ಅಮೆರಿಕೆಯಲ್ಲಿ ವರ್ಜೀನಿಯದ ಷಾರ್ಲಟ್ಸ್‌ವಿಲ್ ನಗರದಲ್ಲಿ 1968ರಿಂದ ಹಿರಿಯ ಅಧಿಕಾರಿಗಳನ್ನು ತರಬೇತುಗೊಳಿಸುತ್ತಿದ್ದ ಫೆಡರಲ್ ಎಕ್ಸಿಕ್ಯುಟಿವ್ ಇನ್‌ಸ್ಟಿಟ್ಯೂಟನ್ನು ಕೊನೆಗಾಣಿಸುವ ಆದೇಶ 2025ರ ಫೆಬ್ರುವರಿಯಲ್ಲಿ ಹೊರಬಿದ್ದಿತು. ಅದೇ ತಿಂಗಳು, ಸ್ನಾತಕೋತ್ತರ ಪದವೀಧರರನ್ನು ಸರ್ಕಾರಿ ಸೇವೆಗೆ ಕರೆತರುತ್ತಿದ್ದ, 1977ರಲ್ಲಿ ಆರಂಭವಾದ ಅಧ್ಯಕ್ಷೀಯ ಫೆಲೋಷಿಪ್ಪನ್ನೂ ನಿಲ್ಲಿಸಲಾಯಿತು. ಅಲ್ಲಿನ ಸಾರ್ವಜನಿಕ ಆಡಳಿತದ ವಿಭಾಗಗಳಿಗೆ ಇದರಿಂದ ತಮ್ಮ ವಿದ್ಯಾರ್ಥಿಗಳು ಸಾಗುತ್ತಿದ್ದ ದಾರಿಯೇ ಕಡಿದಂತಾಯಿತು. ನಮ್ಮಲ್ಲಿ ಹೀಗೆ ಒಂದೇ ಆದೇಶದಿಂದ ಬಾಗಿಲು ಮುಚ್ಚುವುದು ವಿರಳ. ಹೆಸರು ಉಳಿಯುತ್ತದೆ, ಫಲಕ ಹೊಸದಾಗುತ್ತದೆ, ಅವಧಿ ಮಾತ್ರ ಕಿರಿದಾಗುತ್ತದೆ. ಇಂಥ ಕಡಿತವನ್ನು ಪ್ರತಿಭಟಿಸುವುದೂ ಕಷ್ಟ. ವೇತನ ಮತ್ತು ಪಿಂಚಣಿಯ ಹೊರೆಯಲ್ಲಿ ಬಾಗಿದ ವಿಶ್ವವಿದ್ಯಾನಿಲಯದ ಆಯವ್ಯಯದಲ್ಲಿ ತರಬೇತಿ ದನಿಯಿಲ್ಲದ ಬಾಬು. ಅದಕ್ಕಾಗಿ ಧರಣಿ ಕೂರುವವರಿಲ್ಲ.

ನಾಯಕತ್ವದ ಸಿದ್ಧತೆ ಅತ್ಯಂತ ಅಗತ್ಯವಾಗಿದ್ದ ಗಳಿಗೆಗಳನ್ನು ಗಮನಿಸಿದರೆ ವಿಷಯದ ಗಾಂಭೀರ್ಯ ಸ್ಪಷ್ಟವಾದೀತು. ಬೆಂಗಳೂರು ವಿಶ್ವವಿದ್ಯಾನಿಲಯ 2017ರಲ್ಲಿ ಮೂರಾಗಿ ಒಡೆದಾಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಾಲೇಜುಗಳು ಮೂಲ ವಿಶ್ವವಿದ್ಯಾನಿಲಯದಲ್ಲೇ ಉಳಿದವು. ಆಸ್ತಿ, ಸಿಬ್ಬಂದಿ, ಪರೀಕ್ಷಾ ದಾಖಲೆಗಳನ್ನು ಮೂರು ಪಾಲು ಮಾಡುವ ಕೆಲಸ ಯಾವ ಶಿಬಿರದ ಪಠ್ಯದಲ್ಲಿಯೂ ಇರಲಿಲ್ಲ. 2022-23ರ ಆಯವ್ಯಯದಲ್ಲಿ ತಲಾ 2 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಏಳು ಹೊಸ ವಿಶ್ವವಿದ್ಯಾನಿಲಯಗಳು ಘೋಷಣೆಯಾದವು. ಮೊದಲ ಕುಲಪತಿಗಳು ನಾಲ್ಕು ವರ್ಷದ ಅವಧಿಯಲ್ಲಿ ಸ್ನಾತಕೋತ್ತರ ಕೇಂದ್ರವೊಂದನ್ನು ವಿಶ್ವವಿದ್ಯಾನಿಲಯವಾಗಿ ಬೆಳೆಸಬೇಕಿತ್ತು. 2025ರ ಫೆಬ್ರುವರಿಯಲ್ಲಿ, ಕನಕಪುರವನ್ನು ಪ್ರತಿನಿಧಿಸುತ್ತಿದ್ದ, ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರ ನೇತೃತ್ವದ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವಂತೆ ಶಿಫಾರಸು ಮಾಡಿತು. ಆ ಏಳರಲ್ಲಿ ಬೀದರ್ ಹೊರತು ಉಳಿದ ಆರೂ ಪಟ್ಟಿಯಲ್ಲಿದ್ದವು. ಬಳಿಕ ನಡೆದ ವಾದವಿವಾದ ಹೆಚ್ಚಾಗಿ ಹಣ, ಜಮೀನು, ಪ್ರಾದೇಶಿಕ ನ್ಯಾಯ ಇವುಗಳ ಸುತ್ತಲೇ ತಿರುಗಿತು. ಆ ಆರು ಕಡೆ ಸಂಸ್ಥೆ ಕಟ್ಟಲು ಹೋದವರಿಗೆ ಕಟ್ಟುವ ಕೆಲಸವನ್ನು ಯಾರಾದರೂ ಕಲಿಸಿದ್ದರೇ ಎಂಬ ಪ್ರಶ್ನೆಗೆ ಆ ವಿವಾದದಲ್ಲಿ ತಕ್ಕ ಸ್ಥಾನ ದೊರೆಯಲಿಲ್ಲ.